ಅಕ್ಟೋಬರಿನ ಮಡು

ಮುಂಬಯಿಗೆ ವರ್ಷಕ್ಕೆ ಎರಡು ಬೇಸಿಗೆ. ಏಪ್ರಿಲ್-ಮೇ ತಿಂಗಳಿನದು ಎಲ್ಲ ಊರಿನವರಿಗೂ ಪರಿಚಯದ್ದು. ಅದು ಬರುವುದು ಗೊತ್ತಿರುತ್ತದೆ, ಊರಿಗೆ ಹೋಗುವ ಟಿಕೆಟು ಮೊದಲೇ ಮಾಡಿಸಿಟ್ಟಿರುತ್ತೇವೆ. ಇನ್ನೊಂದು ಅಕ್ಟೋಬರಿನದು. ಕೊಡೆ ಒಣಗಿಸಿ ಮಾಳಿಗೆಗೆ ಹಾಕುವಷ್ಟರಲ್ಲಿ ಬಂದು ಮೈಮೇಲೆ ಬೀಳುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಈ ನಗರವನ್ನು ಬಿಟ್ಟು ಹೋಗುವ ವಾಡಿಕೆಯ ದಿನ ಅಕ್ಟೋಬರ್ 8. ಅದರ ಆಚೀಚೆ ನೈಋತ್ಯದ ಗಾಳಿ ನಿಂತು, ಪೂರ್ವದ ನೆಲದ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ಹೊತ್ತು ಏರುವ ಮುಂಚೆ ಒಳಗೆ ಬರಬೇಕಾದ ಕಡಲಗಾಳಿ ಮಧ್ಯಾಹ್ನವಾದರೂ ಬರುವುದಿಲ್ಲ. ಕೆಳಗೆ ನಾಲ್ಕು ತಿಂಗಳ ತೇವ ಹೀರಿದ ನೆಲ, ಮೇಲೆ ಮರೆಯಿಲ್ಲದ ಬಿಸಿಲು. ಉಷ್ಣಾಂಶ 35, 36 ಡಿಗ್ರಿ ಮುಟ್ಟುವುದು ಈ ದಿನಗಳಲ್ಲಿ ವಿಶೇಷವಲ್ಲ. ಡೊಂಬಿವಲಿಯ ನಮ್ಮ ಮೂರನೆಯ ಮಾಳಿಗೆಯ ಮನೆಯಲ್ಲಿ ರಾತ್ರಿ ಹನ್ನೆರಡಕ್ಕೂ ಗೋಡೆ ಮುಟ್ಟಿದರೆ ಬಿಸಿ.

ಜಲಪಾತಕ್ಕೆ ಹೋಗಬೇಕಾದದ್ದು ಈಗ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದರೂ ಕೇಳುವವರು ಕಡಿಮೆ. ಮುಂಬಯಿ ಜಲಪಾತಕ್ಕೆ ಹೋಗುವುದು ಜುಲೈಯಲ್ಲಿ, ಆದಿತ್ಯವಾರ, ಮಳೆಯಲ್ಲಿ ನೆನೆಯುತ್ತ, ಕುಣಿಯುತ್ತ. ಜುಲೈಯ ಜಲಪಾತ ದೂರ ನಿಂತು ನೋಡಬೇಕಾದ್ದು. ಮೇ ತಿಂಗಳಲ್ಲಿ ಹೋದರೆ ಅದೇ ಜಾಗದಲ್ಲಿ ಬರಿಯ ಕರಿಬಂಡೆ. ನಡುವೆ ಸಿಗುವ ಈ ಕೆಲವು ವಾರಗಳಲ್ಲಿ ಮಾತ್ರ ಸೆಕೆಯೂ ಇರುತ್ತದೆ, ನೀರೂ ಇರುತ್ತದೆ. ನೀರಿನ ಕೆಂಪು ಇಳಿದು ತಳದ ಕಲ್ಲು ಕಾಣುತ್ತಿರುತ್ತದೆ. ಮಳೆಗಾಲಕ್ಕೆಂದು ಜಿಲ್ಲಾಡಳಿತ ಹೊರಡಿಸುವ ನಿಷೇಧದ ಆಜ್ಞೆಯ ಅವಧಿಯೂ ಮುಗಿದಿರುತ್ತದೆ. ಗಾಂಧಿ ಜಯಂತಿಯ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಭಾವನ ಫೋನಿಗೆ ಕಾಯುತ್ತೇವೆ.

ಭಾವ ಎಂದರೆ ಅಕ್ಕನ ಗಂಡ. ಕಾರ್ಕಳದ ಹತ್ತಿರದ ಹಳ್ಳಿಯವರು. ಹುಡುಗನಾಗಿದ್ದಾಗಲೇ ಮಾಟುಂಗದ ಒಂದು ಹೋಟೆಲಿಗೆ ಬಂದು ಸೇರಿ, ಹಗಲು ಟೇಬಲು ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ, ಬೆಂಚು ಜೋಡಿಸಿಕೊಂಡು ಮಲಗಿ ದೊಡ್ಡವರಾದವರು. ಈಗ ಮುಲುಂಡಿನ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಾರೆ. ವರ್ಷವಿಡೀ ಜನರ ಅವಸರ ನೋಡುವ ಕೆಲಸ ಅವರದು. ಆ ಮನುಷ್ಯನಿಗೆ ನೀರಿನ ಹತ್ತಿರ ಬಂದಾಗ ಬರುವ ನಿಧಾನ ನೋಡಿಯೇ ನಂಬಬೇಕು.

ಬೆಳಿಗ್ಗೆ ಆರಕ್ಕೇ ಕರ್ಜತ್ ಲೋಕಲು ಹಿಡಿಯುತ್ತೇವೆ. ಕಲ್ಯಾಣ ದಾಟಿ, ವಿಠ್ಠಲವಾಡಿ, ಉಲ್ಲಾಸನಗರ, ಅಂಬರನಾಥ, ಬದ್ಲಾಪುರ. ಅಲ್ಲಿಂದ ಆಚೆ ಕಿಟಕಿಯಲ್ಲಿ ಕಟ್ಟಡ ಕಡಿಮೆಯಾಗಿ ಭತ್ತದ ಗದ್ದೆ ಬರುತ್ತದೆ. ತೆನೆ ಬಾಗಿರುತ್ತದೆ. ಬದ್ಲಾಪುರಕ್ಕೂ ವಾಂಗಣಿಗೂ ನಡುವಿನ ಈ ತಗ್ಗಿನಲ್ಲೇ 2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ ಕೊಲ್ಲಾಪುರಕ್ಕೆ ಹೋಗುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತುಬಿಟ್ಟದ್ದು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಿ ತಂದರು. ನಾವು ಹೋಗುವ ತೊರೆಯೂ ಕೊನೆಗೆ ಸೇರುವುದು ಅದೇ ಉಲ್ಹಾಸಕ್ಕೆ. ರೈಲು ಅಲ್ಲಿ ದಾಟುವಾಗ ಭಾವ ಅಕ್ಕನ ಮಗಳಿಗೆ ಪ್ರತಿಸಲವೂ ಆ ಜಾಗ ತೋರಿಸುತ್ತಾರೆ. ಹೆದರಿಸುವುದಕ್ಕಲ್ಲ. ಹೋಗುವ ಮನೆಯವರ ಸ್ವಭಾವ ಮೊದಲೇ ತಿಳಿದಿರಲಿ ಎಂದು.

ವಾಂಗಣಿಯಲ್ಲಿ ಇಳಿದು ವಡಾಪಾವ್ ಕಟ್ಟಿಸಿಕೊಂಡು ಚಂದೇರಿ ಗುಡ್ಡದ ಸಾಲಿನತ್ತ ನಡೆಯುವುದು. ಆ ಕಡೆ ಜನ ಭಗೀರಥ ಎಂದು ಕರೆಯುವ ಜಲಪಾತ ಹೆಸರುವಾಸಿ. ನಮ್ಮದು ಅದಲ್ಲ, ಹಾದಿಯಿಂದ ಸ್ವಲ್ಪ ಒಳಗೆ, ಎರಡಾಳೆತ್ತರದಿಂದ ನೀರು ಬಿದ್ದು ಮಡುವಾಗಿ ನಿಂತು, ಮುಂದೆ ಸಣ್ಣ ಕಲ್ಲುಗಳ ಮೇಲೆ ಹರಡಿ ಹರಿಯುವ ಒಂದು ಜಾಗ. ಅದಕ್ಕೊಂದು ಹೆಸರಿದೆಯೋ ಇಲ್ಲವೋ, ನಾವು ಇಡಲು ಹೋಗಿಲ್ಲ. ಹಾದಿಯಲ್ಲಿ ಠಾಕರ ಆದಿವಾಸಿಗಳ ವಾಡಿ. ಅಂಗಳದಲ್ಲಿ ಕೂತ ಅಜ್ಜಿಯ ಹತ್ತಿರ ತೋಳುದ್ದದ ಮಳೆಗಾಲದ ಸೌತೆಕಾಯಿ ಕೊಳ್ಳುತ್ತೇವೆ. ಗದ್ದೆಯ ಅಂಚಿನಲ್ಲಿ, ಬಂಡೆಯ ಬಿರುಕಿನಲ್ಲಿ ಸೋನಕಿಯ ಹಳದಿ ಹೂವು. ಎಂಟು ಗಂಟೆಗೇ ಬೆನ್ನು ಒದ್ದೆಯಾಗಿರುತ್ತದೆ. ಕೊನೆಯ ತಿರುವಿಗೆ ಮೊದಲೇ ನೀರಿನ ಸದ್ದು ಕೇಳಿಸಿ ಅಕ್ಕನ ಮಗಳು ಓಡತೊಡಗುತ್ತಾಳೆ.

ಅಲ್ಲಿ ಭಾವನ ಕಾನೂನು ಶುರು. ತಲುಪಿದ ಕೂಡಲೇ ಯಾರೂ ನೀರಿಗೆ ಇಳಿಯುವ ಹಾಗಿಲ್ಲ. ಮೊದಲು ಬಿಡಾರ. ಹೊಂಗೆಯ ಮರದಡಿ, ನೀರಿಗಿಂತ ಎತ್ತರದ ಜಾಗದಲ್ಲಿ ಟಾರ್ಪಾಲು ಹಾಸಬೇಕು, ಬಿಸಿಲು ತಿರುಗುವ ಕಡೆಗೆ ಒಂದು ಹಳೆಯ ಸೀರೆ ಕಟ್ಟಬೇಕು. ಸ್ಟವ್ ಹಚ್ಚಿ ಚಹ ಆಗಬೇಕು. ಚಹ ಕುಡಿಯುತ್ತ ಮಡುವನ್ನು ನೋಡಬೇಕು.

“ಎಂಥ ನೋಡುವುದು ಅಪ್ಪ, ನೀರು ತಾನೆ?” ಎಂದು ಹುಡುಗಿ ಮೊದಲ ವರ್ಷ ಕೇಳಿದ್ದಳು.

“ನೀರು ಎಲ್ಲಿಂದ ಬರ್ತದೆ, ಎಲ್ಲಿ ನಿಲ್ತದೆ, ಎಲ್ಲಿಂದ ಹೋಗ್ತದೆ ನೋಡು. ಮೂರೂ ಗೊತ್ತಾದ ಮೇಲೆ ಇಳಿಯುವ.”

ಅವರು ಒಂದು ಒಣ ಎಲೆ ಎಸೆಯುತ್ತಾರೆ. ಎಲೆ ದಡದ ಗುಂಟ ಮೆಲ್ಲಗೆ ಹೋಗಿ, ನಡುವೆ ಸ್ವಲ್ಪ ತಡೆದು, ಬಲಗಡೆಯ ಬಂಡೆಯ ಹತ್ತಿರ ತಟ್ಟನೆ ವೇಗ ತೆಗೆದುಕೊಳ್ಳುತ್ತದೆ. ಇನ್ನೊಂದು ಎಲೆ ಜಲಪಾತದ ಬುಡದ ಹತ್ತಿರ ಎಸೆಯುತ್ತಾರೆ. ಅದು ಹೊರಗೆ ಬರುವುದೇ ಇಲ್ಲ, ನೊರೆಯಲ್ಲಿ ಮುಳುಗಿ, ಎದ್ದು, ಮತ್ತೆ ಹಿಂದಕ್ಕೆ ಹೋಗುತ್ತದೆ. ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಭಾವ ಒಂದು ಬಿದಿರಿನ ಕೋಲು ಹಿಡಿದು ದಡದಿಂದಲೇ ಆಳ ನೋಡುತ್ತ ಸುತ್ತು ಬರುತ್ತಾರೆ. ಹೋದ ವರ್ಷ ಸೊಂಟದ ಆಳವಿದ್ದಲ್ಲಿ ಈ ವರ್ಷ ಕೋಲು ಮುಳುಗಬಹುದು. ಒಂದು ಮಳೆಗಾಲ ತಳವನ್ನು ಪೂರ್ತಿ ಬೇರೆಯಾಗಿ ಜೋಡಿಸಿಟ್ಟಿರುತ್ತದೆ. ಎಮ್ಮೆ ಮೇಯಿಸುವವರು ಸಿಕ್ಕಿದರೆ ಅವರನ್ನು ಕೇಳುತ್ತಾರೆ. ಒಬ್ಬರು ಅತ್ತಿಮರದ ಬೇರಿನ ಕಡೆ ಕೈ ತೋರಿಸಿ, ಆ ಬದಿ ಬೇಡ, ಒಳಗೆ ಕಲ್ಲು ಪೊಳ್ಳಾಗಿದೆ ಎಂದರು. ಅವತ್ತಿನಿಂದ ಆ ಬದಿ ನಮಗೆ ಇಲ್ಲ. ಕೊನೆಗೆ ದಡದ ಅಂಚಿನಲ್ಲಿ, ನೀರು ಮುಟ್ಟುವಲ್ಲಿ, ಒಂದು ಬಿಳಿ ಕಲ್ಲು ಇಡುತ್ತಾರೆ. ಅದು ಗುರುತು. ಕಲ್ಲು ಮುಳುಗಿದರೆ ನೀರು ಏರುತ್ತಿದೆ ಎಂದರ್ಥ. ಇಷ್ಟಾಗುವಾಗ ಒಂದೂವರೆ ಗಂಟೆ ಕಳೆದಿರುತ್ತದೆ, ನಮ್ಮ ಬೆವರು ಆರಿರುತ್ತದೆ, ಮೈಯ ಬಿಸಿ ಇಳಿದಿರುತ್ತದೆ. ಬಿಸಿಲಲ್ಲಿ ನಡೆದು ಬಂದ ಮೈಯನ್ನು ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಉಸಿರು ಕಟ್ಟುತ್ತದೆ, ಎದೆ ಹಾರುತ್ತದೆ, ಆಗ ಈಜು ಬಲ್ಲವನ ಕೈಯೂ ಕೆಲಸ ಮಾಡುವುದಿಲ್ಲ.

ಈ ಮಡುಗಳು ಆದ ಬಗೆಯನ್ನು ತಿಳಿದರೆ ಭಾವನ ಎಚ್ಚರಕ್ಕೆ ಅರ್ಥ ಇನ್ನೂ ಹೆಚ್ಚಾಗುತ್ತದೆ. ಸಹ್ಯಾದ್ರಿಯ ಈ ಭಾಗದ ಕಲ್ಲೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ ಪದರದ ಮೇಲೆ ಪದರ. ಕೆಲವು ಪದರ ಗಟ್ಟಿ, ಕೆಲವು ಮೆದು. ನೀರು ಗಟ್ಟಿ ಪದರದ ಅಂಚಿನಿಂದ ಬಿದ್ದು ಕೆಳಗಿನ ಮೆದು ಪದರವನ್ನು ಒಳಒಳಗೇ ತಿನ್ನುತ್ತದೆ. ಹೀಗಾಗಿ ಮೇಲೆ ನಿಂತವನಿಗೆ ಬಂಡೆ ಕಾಣುತ್ತದೆ, ಅದರಡಿ ಪೊಳ್ಳು ಇರುವುದು ಕಾಣುವುದಿಲ್ಲ. ಸುಳಿಗೆ ಸಿಕ್ಕಿದ ಉರುಟು ಕಲ್ಲುಗಳು ಒಂದೇ ಜಾಗದಲ್ಲಿ ತಿರುಗಿ ತಿರುಗಿ ತಳದಲ್ಲಿ ಕುಳಿ ಕೊರೆಯುತ್ತವೆ. ನಿಘೋಜದಲ್ಲಿ ಕುಕಡಿ ನದಿಯ ಪಾತ್ರದಲ್ಲಿ ಇಂಥ ಕುಳಿಗಳನ್ನು ನೋಡಲೆಂದೇ ಜನ ಹೋಗುತ್ತಾರೆ. ಮೊಣಕಾಲಿನ ನೀರಿನಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಯಲ್ಲಿ ನೆಲವೇ ಸಿಗದಿರುವುದು ಇದರಿಂದ. ಜಲಪಾತದ ಬುಡದ ನೊರೆಯದು ಬೇರೆಯೇ ಲೆಕ್ಕ. ಅದರಲ್ಲಿ ನೀರಿನಷ್ಟೇ ಗಾಳಿ ಇರುತ್ತದೆ, ಗಾಳಿ ತುಂಬಿದ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಮೇಲಿನ ಧಾರೆ ಕೆಳಕ್ಕೆ ಒತ್ತುತ್ತದೆ, ಒದ್ದಾಡಿ ಹೊರಬಂದವನನ್ನು ಎದುರಿನ ಸೆಳೆತ ಮತ್ತೆ ಧಾರೆಯಡಿಗೇ ತರುತ್ತದೆ. ಆ ಎಲೆ ಹೊರಗೆ ಬಾರದೆ ಸುತ್ತುತ್ತಿದ್ದುದು ಹೀಗೆ.

ನಾವು ಇಳಿಯುವುದು ಮಡುವಿನ ಬಾಲದಲ್ಲಿ. ಎದೆಯ ಮಟ್ಟದ ನೀರು, ಕಾಲಿಗೆ ಮರಳು. ಹೋಟೆಲಿನಲ್ಲಿ ಖಾಲಿಯಾದ ಐದು ಲೀಟರಿನ ಎರಡು ಎಣ್ಣೆ ಕ್ಯಾನುಗಳನ್ನು ಭಾವ ತೊಳೆದು ತಂದಿರುತ್ತಾರೆ. ಎರಡಕ್ಕೂ ಬಿಗಿಯಾಗಿ ಮುಚ್ಚಳ ಹಾಕಿ, ನಡುವೆ ಹಗ್ಗ ಕಟ್ಟಿ, ಹುಡುಗಿಯ ಎದೆಯಡಿಗೆ ಕೊಡುತ್ತಾರೆ. ಅವರ ಬಾಲ್ಯದಲ್ಲಿ ಸ್ವರ್ಣಾ ಹೊಳೆಯ ಗುಂಡಿಯಲ್ಲಿ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಈ ಕೆಲಸ ಮಾಡುತ್ತಿದ್ದವು. ನಮ್ಮ ಕರಾವಳಿಯಲ್ಲಿ ಈಜು ಎಂದರೆ ಯಾರೂ ತರಗತಿಗೆ ಹೋಗಿ ಕಲಿತದ್ದಲ್ಲ. ಕೆರೆ, ಮದಗ, ಹೊಳೆಗುಂಡಿ ಮನೆಯ ಹಿಂದೆಯೇ ಇದ್ದವು, ಮಾವಂದಿರೋ ಅಣ್ಣಂದಿರೋ ಎತ್ತಿ ಹಾಕಿ ಕಲಿಸಿದರು. ಅಲ್ಲಿಂದ ಮುಂಬಯಿಗೆ ಬಂದವರ ಮಕ್ಕಳಿಗೆ ಆ ವಿದ್ಯೆ ದಾಟಲಿಲ್ಲ. ದಾದರಿನ ಮಹಾತ್ಮಾ ಗಾಂಧಿ ಈಜುಕೊಳದಂಥವು ಇವೆ, ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಆದರೆ ಇಷ್ಟು ದೊಡ್ಡ ನಗರಕ್ಕೆ ಅಂಥವು ಎಷ್ಟು ಸಾಕು? ಉಪನಗರದ ದೂರದ ತುದಿಯಲ್ಲಿರುವ ಹೋಟೆಲ್ ನೌಕರನ ಮಗಳು ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಹೋಗಿ ಬಂದು ಶಾಲೆಗೆ ಹೋಗುವುದು ಆಗುವ ಮಾತಲ್ಲ.

ಮೈಯಿಡೀ ನೀರಿನಲ್ಲಿ ಇರುವುದೆಂದರೇನೆಂದೇ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ತುಳಸಿ, ವಿಹಾರ, ತಾನ್ಸಾ, ಭಾತ್ಸಾ, ಮೂರು ವೈತರಣೆಗಳು ಎಂದು ಏಳು ಜಲಾಶಯಗಳ ನೀರು ಮಹಾನಗರಕ್ಕೆ ಹರಿದು ಬರುತ್ತದೆ. ವಿಹಾರ 1860ರದು, ಮಧ್ಯ ವೈತರಣೆ 2014ರದು. ಅಷ್ಟು ನೀರೂ ಮನೆಗೆ ಬರುವಾಗ ಬಕೀಟಾಗಿ ಬರುತ್ತದೆ. ಮಹಾಪಾಲಿಕೆಯ ಎಲ್ಲೆಯಾಚೆ ಇರುವ ನಮಗೆ ಉಲ್ಹಾಸದ ನೀರು, ಅದೂ ಹೊತ್ತು ನೋಡಿ ಬರುವುದು, ಡ್ರಮ್ಮಿನಲ್ಲಿ ತುಂಬಿ, ಮಗ್ಗಿನಲ್ಲಿ ಅಳೆದು ಮೀಯುವುದು. ಹಾಗೆ ಬೆಳೆದ ಹುಡುಗಿ ಮೊದಲ ಸಲ ಅಂಗಾತ ತೇಲಿದ್ದು ಇಲ್ಲಿ. ಭಾವ ಅವಳ ತಲೆಯಡಿಗೆ ಅಂಗೈ ಇಟ್ಟು, “ಕಿವಿ ನೀರಿಗೆ ಬಿಡು, ಹೆದರಬೇಡ, ಎದೆ ಮೇಲೆ ಮಾಡು, ಉಸಿರು ತುಂಬಿಕೋ” ಎನ್ನುತ್ತ ನಿಂತಿದ್ದರು. ಅವಳು ಕುತ್ತಿಗೆ ಎತ್ತಿದಷ್ಟೂ ಕಾಲು ಮುಳುಗುತ್ತಿತ್ತು. ಕೊನೆಗೊಮ್ಮೆ ಕುತ್ತಿಗೆ ಬಿಟ್ಟಳು. ಅಂಗೈ ಯಾವಾಗ ತೆಗೆದರೆಂದು ಅವಳಿಗೆ ತಿಳಿಯಲಿಲ್ಲ. ದಡದಲ್ಲಿದ್ದ ಅಕ್ಕನಿಗೆ ತಿಳಿಯಿತು, ಮಾತಾಡದೆ ಕೈಯಲ್ಲಿದ್ದ ಸೌತೆಕಾಯಿ ಕೆಳಗಿಟ್ಟು ಎದ್ದು ನಿಂತಳು. ನನ್ನ ಬದುಕಿನಲ್ಲಿ ನೋಡಿದ ಒಳ್ಳೆಯ ಸಂಗತಿಗಳಲ್ಲಿ ಅದೂ ಒಂದು.

ಮಧ್ಯಾಹ್ನದ ಊಟಕ್ಕೆ ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ, ಅಕ್ಕ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೇಯಿಸಿ ತಂದ ಪತ್ರೊಡೆ. ಪುನರ್ಪುಳಿ ಪಾನಕದ ಬಾಟಲಿಯನ್ನು ಹರಿಯುವ ನೀರಿನಲ್ಲಿ ಕಲ್ಲಿಗೆ ಕಟ್ಟಿ ತಣ್ಣಗೆ ಮಾಡಿರುತ್ತೇವೆ. ಉಂಡ ಮೇಲೆ ನೀರಿಗಿಳಿಯುವ ಹಾಗಿಲ್ಲ, ಮಲಗಬೇಕು. ಇದನ್ನು ನಾನು ದಿನದ ಮುಖ್ಯ ಭಾಗ ಎನ್ನುತ್ತೇನೆ. ಬಿಸಿಲು ಎದುರಿನ ಬಂಡೆಯ ಮೇಲೆ ಕುದಿಯುತ್ತಿರುತ್ತದೆ, ನಮ್ಮ ಕಡೆ ನೆರಳು, ತುಂತುರು ಹೊತ್ತ ಗಾಳಿ ಆಗೀಗ ಬಂದು ಹೋಗುತ್ತದೆ. ಕಾಲು ನೀರಿಗೆ ಬಿಟ್ಟು ಕೂತರೆ ಸಣ್ಣ ಮೀನುಗಳು ಹಿಮ್ಮಡಿ ಚುಚ್ಚುತ್ತವೆ. ಏಡಿಯೊಂದು ಕಲ್ಲಿನಡಿಯಿಂದ ಅರ್ಧ ಬಂದು ನಮ್ಮನ್ನು ನೋಡಿ ಅಲ್ಲೇ ನಿಲ್ಲುತ್ತದೆ. ಭಾವ ಮುಖದ ಮೇಲೆ ಬೈರಾಸು ಹಾಕಿಕೊಂಡು ಗೊರಕೆ ಹೊಡೆಯುತ್ತಾರೆ. ಹಗಲು ಹೊತ್ತು ಅವರು ಮಲಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೀರಿನ ಪಕ್ಕ ಸುಮ್ಮನೆ ಇರುವುದಕ್ಕೆ ಈ ನಗರದಲ್ಲಿ ಬಹಳ ಹಳೆಯ ಚರಿತ್ರೆಯಿದೆ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಕನ್ಹೇರಿಯ 109 ಗುಹೆಗಳಿವೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೆ ಅಲ್ಲಿ ಬೌದ್ಧ ಭಿಕ್ಷುಗಳು ಇದ್ದರು. ಮಳೆಗಾಲದಲ್ಲಿ ಭಿಕ್ಷು ತಿರುಗಾಡಬಾರದು, ಒಂದೆಡೆ ನಿಲ್ಲಬೇಕು ಎಂಬುದು ಅವರ ನಿಯಮ. ಗುಡ್ಡಗಳ ನಡುವೆ ತೊರೆ. ಗುಹೆಗಳ ಮುಂದೆ ಕೂರಲು ಕಲ್ಲಿನ ಜಗಲಿ, ಪಕ್ಕದಲ್ಲಿ ಬಂಡೆಯಲ್ಲೇ ಕಡಿದ ನೀರಿನ ತೊಟ್ಟಿ. ಮೇಲಿನ ಬಂಡೆಯ ಮೇಲೆ ಬಿದ್ದ ಮಳೆಯನ್ನು ತೊಟ್ಟಿಗೆ ತರುವ ಕಾಲುವೆಗಳು. ಆ ಜಗಲಿಯಲ್ಲಿ ಕೂತವರು ತೊರೆ ಏರುವುದನ್ನು, ಇಳಿಯುವುದನ್ನು, ಕೆಂಪಾಗುವುದನ್ನು, ತಿಳಿಯಾಗುವುದನ್ನು ತಿಂಗಳುಗಟ್ಟಲೆ ನೋಡಿದವರು. ಕನ್ನಡದವನಾಗಿ ಅಲ್ಲಿ ನನಗೆ ಇನ್ನೊಂದು ಸಂತೋಷ ಉಂಟು. ಕವಿರಾಜಮಾರ್ಗದೊಂದಿಗೆ ನಾವು ನೆನೆಯುವ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಶಾಸನಗಳು ಕನ್ಹೇರಿಯ ಕಲ್ಲಿನಲ್ಲಿವೆ. ಒಂಬತ್ತನೆಯ ಶತಮಾನದಲ್ಲಿ ಅವನ ಸಾಮಂತರಾದ ಶಿಲಾಹಾರರು ಕೊಂಕಣ ಆಳುತ್ತಿದ್ದಾಗ ಭಿಕ್ಷುಸಂಘಕ್ಕೆ ಸಂದ ದಾನದ ದಾಖಲೆ ಅದು. ಈ ನೆಲದ ಮಳೆಗೂ ನಮಗೂ ಇರುವ ನಂಟು ಉಡುಪಿ ಹೋಟೆಲುಗಳಿಗಿಂತ ಸಾವಿರ ವರ್ಷ ಹಿಂದಿನದು.

ನೀರಿನ ಹತ್ತಿರ ಹೋದವರೆಲ್ಲ ಹಾಗೆ ಕೂತು ನೋಡುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತದೆ: ಕೊಂಡೇಶ್ವರದಲ್ಲಿ, ಚಿಂಚೋಟಿಯಲ್ಲಿ, ಖಾರ್ಘರದ ಪಾಂಡವಕಡದಲ್ಲಿ ಯುವಕರು ಮುಳುಗಿದರು ಎಂದು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ತೊರೆಯ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತ ಆ ದೃಶ್ಯವನ್ನು ದೇಶವೆಲ್ಲ ಫೋನಿನಲ್ಲಿ ನೋಡಿತು. ಅವರು ನಿಂತಲ್ಲಿ ಮೊದಲು ನೀರು ಹೆಚ್ಚಿರಲಿಲ್ಲ. ಮೇಲೆ ಗುಡ್ಡದಲ್ಲಿ ಬಿದ್ದ ಮಳೆ ಕೆಳಗೆ ಬಂದು ಮುಟ್ಟಿತು, ಅಷ್ಟೇ. ನಿಷೇಧದ ಆಜ್ಞೆಗಳು ಹೊರಡುತ್ತಲೇ ಇವೆ, ಹಿಂದೆ 144ನೆಯ ಕಲಮಿನಡಿ, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಡಿ. ಜುಲೈಗೆ ಅವು ಬೇಕು, ನಾನು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಸೆಕೆಯಲ್ಲಿ ಬೆಂದ ಎರಡು ಕೋಟಿ ಜನರನ್ನು ನೀರಿನಿಂದ ಶಾಶ್ವತವಾಗಿ ದೂರ ಇಡುವುದು ಯಾವ ಆಜ್ಞೆಯಿಂದಲೂ ಆಗದು, ಆಗಬಾರದು. ಗೋವಾ ಸರ್ಕಾರ 2008ರಿಂದ ತನ್ನ ಕಡಲತೀರಗಳಲ್ಲಿ ತರಬೇತಾದ ಜೀವರಕ್ಷಕರನ್ನು ನಿಲ್ಲಿಸುತ್ತ ಬಂದಿದೆ. ಇಲ್ಲಿಯ ತೊರೆಗಳಿಗೂ ಅಂಥವರು ಬೇಕು. ಹುಡುಕಲು ದೂರ ಹೋಗಬೇಕಿಲ್ಲ. ಕಾತಕರಿ, ಠಾಕರ ವಾಡಿಗಳ ಹುಡುಗರಿಗೆ ಪ್ರತಿ ಮಡುವಿನ ಪ್ರತಿ ಪೊಳ್ಳೂ ಗೊತ್ತು. ಯಾರಾದರೂ ಮುಳುಗಿದಾಗ ಹಗ್ಗ ಕಟ್ಟಿಕೊಂಡು ಧುಮುಕಿ ಹೆಣ ತೆಗೆಯಲು ಅವರನ್ನೇ ಕರೆಯುತ್ತಾರೆ. ಜೀವ ಇರುವಾಗಲೇ ಅವರನ್ನು ದಡದಲ್ಲಿ ಕೂರಿಸಿ ಸಂಬಳ ಕೊಟ್ಟರೆ ಎಷ್ಟು ಮನೆಗಳು ಉಳಿದಾವು! ಬೇಗ ಬಂದು ಬೇಗ ಹೋಗುವವರೇ ಮುಳುಗುವುದು ಹೆಚ್ಚು ಎಂದು ಭಾವ ಹೇಳುವುದುಂಟು. ಇಡೀ ದಿನ ಕೂರಲು ಬಂದವನಿಗೆ ನೀರು ತನ್ನ ಗುಟ್ಟನ್ನು ತಾನೇ ಹೇಳುತ್ತದೆ, ಒಂದು ತಾಸಿಗೆ ಬಂದವನಿಗೆ ಹೇಳುವುದಿಲ್ಲ.

ಅಕ್ಟೋಬರಿಗೂ ಅದರದೇ ಅಪಾಯ ಒಂದಿದೆ. ಹಗಲಿಡೀ ಕಾದ ಗಾಳಿ ಘಟ್ಟದ ಮೇಲೆ ಏರಿ, ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿ, ಗುಡುಗಿ ಸುರಿಯುತ್ತದೆ. ಹಿಂದಿರುಗುವ ಮಳೆ ಎಂದು ಮರಾಠಿಗರು ಇದಕ್ಕೆ ಹೆಸರಿಟ್ಟಿದ್ದಾರೆ. ಹೋದ ವರ್ಷ ನಿದ್ದೆಯಿಂದೆದ್ದು ಎರಡನೆಯ ಸ್ನಾನ ಮಾಡುತ್ತಿದ್ದೆವು. ನಮ್ಮ ಮೇಲೆ ಬಿಸಿಲೇ ಇತ್ತು. ಚಂದೇರಿಯ ಹಿಂದೆ ಕಪ್ಪು ಏರಿದ್ದನ್ನು ನೋಡಿ ಭಾವ ಒಂದು ಶಿಳ್ಳೆ ಹೊಡೆದರು; ಆ ಶಿಳ್ಳೆಗೆ ಯಾಕೆ ಎಂದು ಕೇಳದೆ ಮೇಲೆ ಬರಬೇಕು. ಬಂದೆವು. ಸಾಮಾನು ಕಟ್ಟಿ ಎತ್ತರದ ಬಂಡೆಯ ಮೇಲೆ ಕೂತೆವು. ಒಂದು ಹನಿ ಮಳೆ ನಮ್ಮ ಮೇಲೆ ಬೀಳಲಿಲ್ಲ. ಅರ್ಧ ಗಂಟೆಯಲ್ಲಿ ಮೊದಲು ಒಣ ಎಲೆ, ಕಡ್ಡಿ ತೇಲಿ ಬಂದವು, ಜಲಪಾತದ ಸದ್ದು ದಪ್ಪವಾಯಿತು, ನೀರು ಕೆಂಪಾಯಿತು, ಬಿಳಿ ಕಲ್ಲು ಕಾಣೆಯಾಯಿತು. ನಾವು ಎದೆಮಟ್ಟ ನಿಂತಿದ್ದ ಮಡುವಿನ ಬಾಲದಲ್ಲಿ ಈಗ ಕಲ್ಲು ಉರುಳುವ ಸದ್ದು.

ಅದೇ ಹೊತ್ತಿಗೆ ಬೈಕುಗಳಲ್ಲಿ ಐದಾರು ಹುಡುಗರು ಬಂದರು. ಬೈಕು ನಿಲ್ಲಿಸುವ ಮುಂಚೆಯೇ ಅಂಗಿ ತೆಗೆಯುತ್ತಿದ್ದರು. ಭಾವ ಇಳಿದು ಹೋಗಿ ಅವರ ಮುಂದೆ ನಿಂತು, ಗಿರಾಕಿಗಳನ್ನು ಕರೆಯುವ ದನಿಯಲ್ಲೇ, “ಬಸಾ ರೇ, ಥೋಡಾ ವೇಳ ಬಸಾ” ಎಂದರು, ಸ್ವಲ್ಪ ಹೊತ್ತು ಕೂರಿ ಎಂದು. ಉಳಿದಿದ್ದ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟರು. ಹುಡುಗರು ಮುಖ ಮುಖ ನೋಡಿಕೊಂಡು ಕೂತರು. ಯಾವ ಊರು, ಏನು ಕೆಲಸ ಎಂಬ ಮಾತಾಯಿತು. ಇಬ್ಬರು ಅಂಬರನಾಥದ ಕಾರ್ಖಾನೆಯೊಂದರಲ್ಲಿ ಪಾಳಿ ಮುಗಿಸಿ ಬಂದವರು, ಈಜು ಬರುತ್ತಿದ್ದುದು ಒಬ್ಬನಿಗೆ ಮಾತ್ರ. ಬಿಳಿ ಕಲ್ಲು ಎಲ್ಲಿತ್ತೆಂದು ಭಾವ ಬೆರಳು ಮಾಡಿ ತೋರಿಸಿದರು. ಅದು ಮತ್ತೆ ಕಂಡ ಮೇಲೆ ಇಳಿಯಿರಿ ಎಂದರು. ಎಷ್ಟು ಹೊತ್ತಾಗುತ್ತದೆ ಕಾಕಾ ಎಂದು ಒಬ್ಬ ಕೇಳಿದ. “ಇವತ್ತು ಆಗುವುದಿಲ್ಲ,” ಭಾವ ಮರಾಠಿಯಲ್ಲೇ ಹೇಳಿದರು, “ಬರುವ ರಜೆಗೆ ಬೆಳಿಗ್ಗೆ ಬನ್ನಿ, ಊಟ ಕಟ್ಟಿಕೊಂಡು ಬನ್ನಿ.”

ಐದರ ಮೇಲಿನ ಲೋಕಲು ತಪ್ಪಿತು. ಬೆಳಕು ಇಳಿಯುವವರೆಗೆ ಕೂತರೂ ಕಲ್ಲು ಕಾಣಲಿಲ್ಲ, ಹುಡುಗರು ಅಂಗಿ ಹಾಕಿಕೊಂಡರು. ಭಾವ ಎರಡೂ ಕ್ಯಾನುಗಳನ್ನು ಹಗ್ಗದ ಸಮೇತ ಅವರಿಗೆ ಕೊಟ್ಟುಬಿಟ್ಟರು. ಹಗ್ಗ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು, ನೊರೆಯ ಹತ್ತಿರ ಯಾಕೆ ಹೋಗಬಾರದು ಎಂಬುದನ್ನೆಲ್ಲ ಅಕ್ಕನ ಮಗಳು ಒಂದು ಒಣ ಎಲೆ ಎಸೆದು ತೋರಿಸುತ್ತ ಅವರಿಗೆ ವಿವರಿಸುತ್ತಿದ್ದಳು. ವಾಂಗಣಿಯ ದಾರಿಯಲ್ಲಿ ಕತ್ತಲಾಯಿತೆಂದು ಹುಡುಗರು ಬೈಕಿನ ದೀಪ ಹಚ್ಚಿಕೊಂಡು ನಮ್ಮ ನಡಿಗೆಯ ವೇಗದಲ್ಲೇ ಸ್ಟೇಷನ್ನಿನವರೆಗೂ ಬಂದರು.